ಗ್ರಾಫಿಕ್ಸ್ ಕಾರ್ಡ್ ವದಂತಿ: ನಂಬಬಹುದಾದ ಅಂಕಿ ಯಾವುದು?

ಹೊಸ ಗ್ರಾಫಿಕ್ಸ್ ಕಾರ್ಡೊಂದು ಮಾರುಕಟ್ಟೆಗೆ ಬರುವ ತಿಂಗಳುಗಳ ಮೊದಲೇ ಅದರ ಜಾತಕ ಅಂತರ್ಜಾಲದಲ್ಲಿ ಹರಿದಾಡತೊಡಗುತ್ತದೆ. ಮೆಮೊರಿ ಇಷ್ಟು, ವಿದ್ಯುತ್ ಇಷ್ಟು, ಬೆಲೆ ಇಷ್ಟು ಎಂಬ ಅಂಕಿಗಳಿಗೆ ತಯಾರಕರು ಹೌದೆನ್ನುವುದಿಲ್ಲ, ಅಲ್ಲವೆನ್ನುವುದೂ ಇಲ್ಲ. ಅದನ್ನೇ ನಂಬಿ ಕೆಲವರು ಇರುವ ಕಾರ್ಡನ್ನು ಅಗ್ಗಕ್ಕೆ ಮಾರುತ್ತಾರೆ. ಕೆಲವರು ಖರೀದಿಯನ್ನು ಮುಂದೂಡುತ್ತಲೇ ಇರುತ್ತಾರೆ. ಎರಡು ಲಕ್ಷ ರೂಪಾಯಿ ದಾಟಿದ ವಸ್ತುವಿನ ವಿಷಯದಲ್ಲಿ ಇದು ಸಣ್ಣ ಜೂಜಲ್ಲ.

ಇಂತಹ ಸುದ್ದಿಯ ಒಂದು ಮೂಲ ಒಂದು ಕಾಲಕ್ಕೆ ನಮ್ಮ ನೆಲದಲ್ಲೇ ಇತ್ತು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಎನ್‌ವಿಡಿಯಾ ಮತ್ತು ಎಎಂಡಿ ಎರಡೂ ಕಂಪನಿಗಳಿಗೆ ಬೆಂಗಳೂರು, ಹೈದರಾಬಾದುಗಳಲ್ಲಿ ವಿನ್ಯಾಸ ಕೇಂದ್ರಗಳಿವೆ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ತೆರೆದದ್ದು ಬೆಂಗಳೂರಿನಲ್ಲೇ. ಪರೀಕ್ಷೆಗೆಂದು ವಿದೇಶದಿಂದ ವಿಮಾನದಲ್ಲಿ ಬರುವ ಮಾದರಿ ಕಾರ್ಡುಗಳ ವಿವರವನ್ನು ಕಸ್ಟಮ್ಸ್‌ಗೆ ಘೋಷಿಸಲೇಬೇಕು. ಆ ಘೋಷಣೆಗಳನ್ನು ಜೌಬಾ ಎಂಬ ಭಾರತೀಯ ಜಾಲತಾಣ ಸಾಲುಸಾಲಾಗಿ ಪ್ರಕಟಿಸುತ್ತಿತ್ತು. ಎಎಂಡಿಯ ಫಿಜಿ, ಎನ್‌ವಿಡಿಯಾದ ಪಾಸ್ಕಲ್ ಚಿಪ್ಪುಗಳ ಕಾಲದಲ್ಲಿ ಜಗತ್ತಿನ ತಂತ್ರಜ್ಞಾನ ಪತ್ರಕರ್ತರು ಈ ಸಾಲುಗಳನ್ನು ಜರಡಿ ಹಿಡಿಯುತ್ತಿದ್ದರು. ಸಂಕೇತನಾಮ, ಮೆಮೊರಿಯ ಪ್ರಮಾಣ ಮೊದಲಾದವು ಅದರಿಂದ ಎಷ್ಟೋ ಸಲ ಸರಿಯಾಗಿಯೇ ತಿಳಿಯುತ್ತಿದ್ದವು. ಎಡವಟ್ಟಾಗುತ್ತಿದ್ದುದು ಬೆಲೆಯಲ್ಲಿ. ಪರೀಕ್ಷಾ ಮಾದರಿಗೆ ಕಸ್ಟಮ್ಸ್ ಕಾಗದದಲ್ಲಿ ಬರೆದ ಮೌಲ್ಯವನ್ನೇ ಅಂಗಡಿಯ ಬೆಲೆಯೆಂದು ಓದಿಕೊಂಡವರು ಬೇಸ್ತು ಬಿದ್ದರು. 2022ರ ಹಣಕಾಸು ಕಾಯ್ದೆಯು ಕಸ್ಟಮ್ಸ್ ಕಾಯ್ದೆಗೆ 135ಎಎ ಸೆಕ್ಷನ್ ಸೇರಿಸಿ, ಇಂತಹ ಆಮದು-ರಫ್ತು ವಿವರಗಳನ್ನು ಅನುಮತಿಯಿಲ್ಲದೆ ಪ್ರಕಟಿಸುವುದನ್ನು ಆರು ತಿಂಗಳವರೆಗಿನ ಸೆರೆ ಅಥವಾ 50,000 ರೂಪಾಯಿವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧವನ್ನಾಗಿಸಿತು.

ಹಾಗಿದ್ದರೆ ಓದುಗರು ವದಂತಿಯನ್ನು ತೂಗುವುದು ಹೇಗೆ? ಮೆಮೊರಿಯ ಅಂಕಿಯನ್ನು ಮನೆಯಲ್ಲೇ ಕುಳಿತು ಲೆಕ್ಕ ಹಾಕಬಹುದು. ಇಂತಹ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಪ್ರತಿ ಮೆಮೊರಿ ಚಿಪ್ಪು 32 ಬಿಟ್ ಅಗಲದ ದಾರಿಯಲ್ಲಿ ಮುಖ್ಯ ಚಿಪ್ಪಿಗೆ ಸೇರುತ್ತದೆ. ಒಟ್ಟು ಅಗಲವನ್ನು 32ರಿಂದ ಭಾಗಿಸಿದರೆ ಚಿಪ್ಪುಗಳ ಸಂಖ್ಯೆ ಸಿಗುತ್ತದೆ. ಅದನ್ನು ಒಂದು ಚಿಪ್ಪಿನ ಸಾಮರ್ಥ್ಯದಿಂದ ಗುಣಿಸಿದರೆ ಒಟ್ಟು ಮೆಮೊರಿ. ಆರ್‌ಟಿಎಕ್ಸ್ 4090ರಲ್ಲಿ 384 ಬಿಟ್ ಎಂದರೆ 12 ಚಿಪ್ಪು, ತಲಾ 2 ಜಿಬಿಯಂತೆ 24 ಜಿಬಿ. ಆರ್‌ಟಿಎಕ್ಸ್ 5090ರಲ್ಲಿ 512 ಬಿಟ್, 16 ಚಿಪ್ಪು, 32 ಜಿಬಿ. ಈ ಲೆಕ್ಕಕ್ಕೆ ಕೂಡದ ಅಂಕಿ ಕಂಡರೆ ಆ ಸುದ್ದಿಯನ್ನು ಸಂಶಯದಿಂದ ನೋಡುವುದು ಒಳ್ಳೆಯದು.

ವಿದ್ಯುತ್ತಿನ ವಿಷಯದಲ್ಲಿ ವದಂತಿ ಒಮ್ಮೆ ಹೊಂದಿದರೆ ಇನ್ನೊಮ್ಮೆ ತಪ್ಪಿದೆ. 2022ರಲ್ಲಿ 4090 ಕಾರ್ಡು 600 ವಾಟ್ ಎಳೆಯುತ್ತದೆ ಎಂದು ಗುಲ್ಲೆದ್ದಿತ್ತು. ಬಂದದ್ದು 450 ವಾಟ್. ಅದೇ 600ರ ಮಾತು 2024ರಲ್ಲಿ 5090ರ ಬಗೆಗೆ ಬಂದಾಗ ನಿಜ ಹೆಚ್ಚು ದೂರವಿರಲಿಲ್ಲ: 575 ವಾಟ್. ಅದರ 21,760 ಕೋರ್‌ಗಳ ಸಂಖ್ಯೆಯೂ ಬಿಡುಗಡೆಗೆ ಮೊದಲೇ ಸರಿಯಾಗಿ ಸೋರಿಕೆಯಾಗಿತ್ತು. ವೇಗದ ಬಗೆಗಿನ ಮಾತು ಮಾತ್ರ ನಿಲ್ಲಲಿಲ್ಲ. ಶೇ 70ರಷ್ಟು ಹೆಚ್ಚು ಎಂದು ಹಬ್ಬಿದ್ದರೂ, 4ಕೆ ಆಟಗಳ ಸ್ವತಂತ್ರ ಪರೀಕ್ಷೆಗಳಲ್ಲಿ ಕಂಡದ್ದು ಸುಮಾರು ಶೇ 30.

ಬೆಂಗಳೂರಾಗಲಿ, ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯಾಗಲಿ, 575 ವಾಟಿನ ಅರ್ಥ ಮನೆಯ ಮೀಟರಿಗೆ ಒಂದೇ. ದಿನಕ್ಕೆ ನಾಲ್ಕು ಗಂಟೆ ಪೂರ್ಣ ದುಡಿತವೆಂದರೆ ಕಾರ್ಡೊಂದಕ್ಕೇ ತಿಂಗಳಿಗೆ 69 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಮಿತಿಯ ಅಂಚಿನಲ್ಲಿರುವ ಮನೆಯವರು ಇದನ್ನು ಮೊದಲೇ ಎಣಿಸಬೇಕು. ತಯಾರಕರು ಸೂಚಿಸುವುದು 1,000 ವಾಟಿನ ಎಸ್‌ಎಂಪಿಎಸ್. ಸಾಮಾನ್ಯವಾಗಿ ಮನೆಗಳಲ್ಲಿರುವ 600 ವಿಎ ಯುಪಿಎಸ್ ಈ ಹೊರೆಯನ್ನು ತಾಳಲಾರದು; ಕರೆಂಟು ಹೋದ ಕ್ಷಣವೇ ಕಂಪ್ಯೂಟರೂ ಆರುತ್ತದೆ.

ಇನ್ನು ಬೆಲೆ. 5090ಕ್ಕೆ 2025ರ ಜನವರಿಯಲ್ಲಿ ಘೋಷಿಸಿದ ಬೆಲೆ 1,999 ಡಾಲರ್. ಅಂದಿನ ವಿನಿಮಯ ದರದಲ್ಲಿ ಅದು ಸುಮಾರು 1.73 ಲಕ್ಷ ರೂಪಾಯಿ, ಶೇ 18ರ ಜಿಎಸ್‌ಟಿ ಸೇರಿ 2.04 ಲಕ್ಷ. ಭಾರತಕ್ಕೆ ನಿಗದಿಯಾದದ್ದು 2,14,000. ಡಾಲರ್ ಬೆಲೆಯನ್ನು ಹಾಗೆಯೇ ರೂಪಾಯಿಗೆ ತಿರುಗಿಸಿಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರು ಅಂಗಡಿಯವರೊಡನೆ ವೃಥಾ ಜಗಳವಾಡುತ್ತಾರೆ.

2025ರಲ್ಲಿ ಹಬ್ಬಿದ ಆರ್‌ಟಿಎಕ್ಸ್ 5080 ಸೂಪರ್ ವದಂತಿಯನ್ನೂ ಇದೇ ತಕ್ಕಡಿಗೆ ಹಾಕಬಹುದು. ಅದರ ಮೆಮೊರಿ 24 ಜಿಬಿ ಎಂಬ ಮಾತಿದೆ. ಈಗಿನ 5080 ಕಾರ್ಡಿನ 256 ಬಿಟ್ ಅಗಲದಲ್ಲಿ 8 ಚಿಪ್ಪುಗಳಿವೆ, ತಲಾ 2 ಜಿಬಿಯಂತೆ 16 ಜಿಬಿ. ತಲಾ 3 ಜಿಬಿ ಚಿಪ್ಪು ಕೂರಿಸಿದರೆ 24 ಆಗುತ್ತದೆ. ಲ್ಯಾಪ್‌ಟಾಪಿನ 5090ರಲ್ಲಿ ಹಾಗೆಯೇ ಮಾಡಲಾಗಿದೆ. ಅಂದರೆ ಅಂಕಿ ಅಸಾಧ್ಯವಾದದ್ದಲ್ಲ. ಆದರೆ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಗೆ ಮೆಮೊರಿ ಚಿಪ್ಪುಗಳ ಬೆಲೆ ವಿಪರೀತ ಏರಿತು. ಆದ್ದರಿಂದ ಈ ಕಾರ್ಡಿನ ದಿನಾಂಕ ಮತ್ತು ಬೆಲೆಯ ಕುರಿತ ಯಾವ ಮಾತನ್ನೂ ನೆಚ್ಚಿ ಈಗಿರುವ ಕಾರ್ಡನ್ನು ಮಾರಬೇಕಾಗಿಲ್ಲ.