ಲಿನಕ್ಸ್ ಆರಂಭದ ಕಪ್ಪು ಪರದೆ

ಲಿನಕ್ಸ್ ಕಂಪ್ಯೂಟರ್ ಚಾಲೂ ಆಗುವಾಗ ಯಂತ್ರ ಓಡುತ್ತಿದ್ದರೂ ಪರದೆಯಲ್ಲಿ ಏನೂ ಮೂಡದಿರುವ ತೊಂದರೆ. ಪರದೆಯ ಯಜಮಾನಿಕೆ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ದಾಟಿದಂತೆಲ್ಲ ಇದರ ಮದ್ದೂ ಬದಲಾಗಿದೆ.

1990ರ ದಶಕದಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ ಅಕ್ಷರಗಳನ್ನು ತೋರಿಸಿ ಸುಮ್ಮನಾಗುತ್ತಿತ್ತು. ಚಿತ್ರದ ಹೊಣೆ ಎಕ್ಸ್‌ಫ್ರೀ86 ಎಂಬ ಬೇರೆ ತಂತ್ರಾಂಶದ್ದು. ಮಾನಿಟರ್ ಸೆಕೆಂಡಿಗೆ ಎಷ್ಟು ಸಾವಿರ ಅಡ್ಡಗೆರೆ ಎಳೆಯಬಲ್ಲದು, ಇಡೀ ಪರದೆಯನ್ನು ಎಷ್ಟು ಸಲ ಹೊಸದಾಗಿ ಬರೆಯಬಲ್ಲದು ಎಂಬುದನ್ನು ಬಳಕೆದಾರರೇ ಕೈಪಿಡಿ ನೋಡಿ ಒಂದು ಕಡತದಲ್ಲಿ ತುಂಬಬೇಕಿತ್ತು. ಅಂಕಿ ತಪ್ಪಿದರೆ ಕಪ್ಪು ಪರದೆ. ಕೆಲವು ಹಳೆಯ ಪಿಕ್ಚರ್ ಟ್ಯೂಬ್ ಮಾನಿಟರುಗಳು ಕೆಟ್ಟೇಹೋಗುವ ಅಪಾಯವೂ ಇತ್ತು. ಸೆಕೆಂಡ್ ಹ್ಯಾಂಡ್ ಮಾನಿಟರ್ ತಂದವರಿಗೆ ಕೈಪಿಡಿ ಎಲ್ಲಿ ಸಿಗಬೇಕು? 2004ರಲ್ಲಿ ಎಕ್ಸ್‌ಫ್ರೀ86ರ ಜಾಗಕ್ಕೆ ಎಕ್ಸ್.ಆರ್ಗ್ ಬಂತು. ಮುಂದೆ ಮಾನಿಟರನ್ನೇ ವಿಚಾರಿಸಿ ತಿಳಿದುಕೊಳ್ಳುವ ರೂಢಿ ಬೆಳೆದು, ಆ ಕಡತ ಬಹುತೇಕ ಮೂಲೆ ಸೇರಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಎನ್‌ಕೋರ್ ಸಂಸ್ಥೆಯೂ ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕ ಕೂಡ ಲಿನಕ್ಸ್ ಯಂತ್ರವೇ. ಅದರ ಪುಟ್ಟ ಪರದೆ ಯಾವುದೆಂದು ತಯಾರಿಸುವಾಗಲೇ ಗೊತ್ತಿದ್ದುದರಿಂದ ಊಹೆಗೆ ಎಡೆಯಿರಲಿಲ್ಲ. ಯಾವ ಕಾರ್ಡಿಗೆ ಯಾವ ಮಾನಿಟರೋ ಎಂಬ ಪೀಕಲಾಟ ಬಿಡಿಭಾಗ ಜೋಡಿಸಿದ ಪಿ.ಸಿ.ಗಳದ್ದು.

2009ರಲ್ಲಿ 2.6.29ನೇ ಕರ್ನಲ್, ಇಂಟೆಲ್ ಚಿಪ್‌ಗಳ ಮಟ್ಟಿಗೆ, ಪರದೆ ಹೊಂದಿಸುವ ಕೆಲಸವನ್ನು ತಾನೇ ವಹಿಸಿಕೊಂಡಿತು. ಎಎಂಡಿ, ಎನ್‌ವಿಡಿಯಾ ಕಾರ್ಡುಗಳ ಮುಕ್ತ ಡ್ರೈವರುಗಳೂ ಅದೇ ಹಾದಿ ಹಿಡಿದವು. ಮಿನುಗಾಟ ತಗ್ಗಿತು, ಆದರೆ ಡ್ರೈವರ್ ಎಡವಿದರೆ ಲಾಗಿನ್‌ಗೂ ಮೊದಲೇ ಕತ್ತಲು! ಇದಕ್ಕೆ ಎಲ್ಲರ ಬಾಯಲ್ಲಿರುವ ಮದ್ದು ‘ನೋಮೋಡ್‌ಸೆಟ್’. ಯಂತ್ರ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ಈ ಪದ ಸೇರಿಸಿ ಎಫ್10 ಒತ್ತಿದರೆ, ಫರ್ಮ್‌ವೇರ್ ಹೊಂದಿಸಿಟ್ಟ ಸಾದಾ ಪರದೆಯಲ್ಲೇ ಕೆಲಸ ಸಾಗುತ್ತದೆ. ಇದು ಆ ಒಂದು ಸಲಕ್ಕಷ್ಟೇ. ಸರಿಯಾದ ಡ್ರೈವರ್ ಹಾಕದೆ ಇದನ್ನೇ ಕಾಯಂ ಮಾಡಿಕೊಂಡವರು ಗ್ರಾಫಿಕ್ಸ್ ಕಾರ್ಡಿನ ವೇಗವನ್ನು ಬಿಟ್ಟುಕೊಟ್ಟಂತೆ.

ಹೆಚ್ಚು ಕಾಡಿದ್ದು ಎನ್‌ವಿಡಿಯಾ. ಕಂಪನಿಯ ಮುಚ್ಚಿದ ಡ್ರೈವರಿಗೂ ಮುಕ್ತ ‘ನೂವೋ’ಗೂ ಒಂದೇ ಕಾರ್ಡಿನ ಮೇಲೆ ಜಗ್ಗಾಟ, ಒಂದನ್ನು ತಡೆಪಟ್ಟಿಗೆ ಸೇರಿಸದೆ ಇನ್ನೊಂದು ನಡೆಯದು. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ 2012ರಲ್ಲಿ ವೇದಿಕೆಯ ಮೇಲೆಯೇ ಈ ಕಂಪನಿಯನ್ನು ಬೈದಿದ್ದರು. ತನ್ನ ಕರ್ನಲ್ ಮಾಡ್ಯೂಲುಗಳ ಮೂಲಸಂಕೇತವನ್ನು ಅದು ತೆರೆದದ್ದು 2022ರಲ್ಲಿ.

ಕೇರಳದ ಐಟಿ@ಸ್ಕೂಲ್ ಯೋಜನೆ ಶಾಲೆಗಳಲ್ಲಿ ಗ್ನೂ/ಲಿನಕ್ಸ್ ತಂದುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಅದು ಹವ್ಯಾಸವಲ್ಲ, ಪಠ್ಯವೇ. ಲ್ಯಾಬಿನಲ್ಲಿ ಪರದೆ ಕಪ್ಪಾದರೆ ಅಂದಿನ ಪಾಠವೂ ನಿಂತಂತೆ.

2024ರ 6.10ನೇ ಕರ್ನಲ್‌ನಿಂದ, ವ್ಯವಸ್ಥೆ ಕುಸಿದಾಗ ಕೆಲವು ಡ್ರೈವರುಗಳಾದರೂ ಪರದೆಯ ಮೇಲೆ ಕಾರಣ ಬರೆದೇ ನಿಲ್ಲುತ್ತವೆ.