ಚಿಮಣಿಗೆ ಬಂದ ಅಳತೆ

ಗಾಜು, ಸಾಬೂನು, ಬಟ್ಟೆ ಮೂರೂ ಉದ್ದಿಮೆಗಳಿಗೆ ಸೋಡಾ ಬೇಕು. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದನ್ನು ಲೆಬ್ಲಾಂಕ್ ವಿಧಾನದಲ್ಲಿ ತಯಾರಿಸುತ್ತಿದ್ದರು. ಉಪ್ಪಿಗೆ ಗಂಧಕಾಮ್ಲ ಬೆರೆಸಿ ಕಾಯಿಸುವುದು ಮೊದಲ ಹಂತ; ಆಗ ಏಳುವ ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ಬಹುಪಾಲು ಕಾರ್ಖಾನೆಗಳು ಗಾಳಿಗೇ ಬಿಡುತ್ತಿದ್ದವು. ಸೇಂಟ್ ಹೆಲೆನ್ಸ್, ವಿಡ್ನೆಸ್ ಊರುಗಳ ಸುತ್ತ ಮರಗಳು ಒಣಗಿದವು, ಪೈರು ಸುಟ್ಟುಹೋಯಿತು. ಚಿಮಣಿ ಎತ್ತರಿಸಿದಾಗ ಅನಿಲ ಇನ್ನೂ ದೂರದ ಹೊಲಗಳನ್ನು ಮುಟ್ಟಿತು. ರೈತ ಕೋರ್ಟಿಗೆ ಹೋದರೆ, ಸಾಲುಚಿಮಣಿಗಳಲ್ಲಿ ತನ್ನ ಬೆಳೆ ಕೆಡಿಸಿದ್ದು ಯಾವುದೆಂದು ಅವನೇ ರುಜುವಾತು ಮಾಡಬೇಕಿತ್ತು. ಅದು ಆಗದ ಮಾತು.

ಉಪಾಯವೇನೋ ಇತ್ತು. ಗೋಪುರದೊಳಗೆ ನೀರು ಇಳಿಯಬಿಟ್ಟು ಅನಿಲವನ್ನು ಅದರಲ್ಲಿ ಕರಗಿಸುವ ವಿಧಾನಕ್ಕೆ ವಿಲಿಯಂ ಗಾಸೇಜ್ 1836ರಲ್ಲೇ ಪೇಟೆಂಟ್ ಪಡೆದಿದ್ದ. ಕಟ್ಟಲೇಬೇಕೆಂಬ ಒತ್ತಾಯ ಮಾತ್ರ ಇರಲಿಲ್ಲ.

1862ರಲ್ಲಿ ಲಾರ್ಡ್ ಡರ್ಬಿ ಮುಂದಾಗಿ ಸಂಸತ್ತಿನ ಸಮಿತಿಯೊಂದು ವಿಚಾರಣೆ ನಡೆಸಿತು. ಮರುವರ್ಷ ಕ್ಷಾರ ಕಾಯ್ದೆ ಬಂತು. ಹುಟ್ಟಿದ ಅನಿಲದಲ್ಲಿ ಶೇ. 95ರಷ್ಟನ್ನು ಹಿಡಿದಿಡಬೇಕೆಂಬುದು ಅದರ ಆಜ್ಞೆ. ಹೊಗೆಯ ಜಗಳದಲ್ಲಿ ಇದೊಂದು ದೊಡ್ಡ ತಿರುವು: ಇನ್ನು ಮುಂದೆ ಪರೀಕ್ಷೆಗೆ ಒಳಗಾಗುವುದು ಒಣಗಿದ ಮರವಲ್ಲ, ಚಿಮಣಿಯೇ. ಮುಖ್ಯ ಇನ್‌ಸ್ಪೆಕ್ಟರನಾಗಿ ನೇಮಕಗೊಂಡವನು ರಸಾಯನಶಾಸ್ತ್ರಜ್ಞ ರಾಬರ್ಟ್ ಆಂಗಸ್ ಸ್ಮಿತ್, ಕೈಕೆಳಗೆ ನಾಲ್ವರು. ಚಿಮಣಿಯ ಅನಿಲವನ್ನು ಗೊತ್ತಾದ ಪ್ರಮಾಣದಲ್ಲಿ ಹೀರಿ, ದ್ರವದ ಮೂಲಕ ಹಾಯಿಸಿ, ಅದರಲ್ಲಿ ಉಳಿದ ಆಮ್ಲವನ್ನು ಅವರು ಲೆಕ್ಕಹಾಕುತ್ತಿದ್ದರು. ದಂಡಕ್ಕಿಂತ ತಿಳಿವಳಿಕೆಯೇ ಸ್ಮಿತ್‌ನ ದಾರಿ. ಮಾಲೀಕರೊಡನೆ ಮೆತ್ತಗಾದನೆಂಬ ಟೀಕೆ ಬಂದರೂ ಗೋಪುರಗಳು ಎದ್ದವು ಎಂಬುದು ಅವನ ಪರವಾದ ದೊಡ್ಡ ಸಾಕ್ಷಿ. ಹಿಡಿದ ಆಮ್ಲವನ್ನು ಕೆಲವರು ಹೊಳೆಗೆ ಸುರಿದರು. ಬಟ್ಟೆ ಬಿಳುಪು ಮಾಡುವ ಪುಡಿಗೆ ಅದು ಬೇಕಾದ ಮೇಲೆ ಹಣ ತರುವ ಸರಕಾಯಿತು.

ಶೇಕಡಾವಾರು ಮಿತಿಯಲ್ಲಿ ಒಂದು ಲೋಪವಿತ್ತು. ಉತ್ಪಾದನೆ ಇಮ್ಮಡಿಯಾದರೆ, ಬಿಡಬಹುದಾದ ಶೇ. 5ರ ಪಾಲೂ ಇಮ್ಮಡಿ. ಆದ್ದರಿಂದ 1874ರ ತಿದ್ದುಪಡಿಯು ಹೊರಹೋಗುವ ಅನಿಲಕ್ಕೇ ಮಿತಿ ಹಾಕಿತು: ಒಂದು ಘನ ಅಡಿಯಲ್ಲಿ ಆಮ್ಲ ಐದನೆಯ ಒಂದು ಗ್ರೇನ್ ಮೀರಕೂಡದು. ಇತರ ಹಾನಿಕರ ಅನಿಲಗಳಿಗೆ ಸಾಧ್ಯವಾದ ಅತ್ಯುತ್ತಮ ಉಪಾಯ ಬಳಸಬೇಕೆಂಬ ಷರತ್ತೂ ಸೇರಿತು. 1881ರಲ್ಲಿ ಗಂಧಕಾಮ್ಲ, ರಸಗೊಬ್ಬರ ಮುಂತಾದ ಕಾರ್ಖಾನೆಗಳೂ ಕಾಯ್ದೆಯ ಕೆಳಗೆ ಬಂದವು.

ಈ ನಡುವೆ ಸ್ಮಿತ್ ಮಳೆನೀರನ್ನೂ ಪರೀಕ್ಷಿಸಿ, 1872ರ ತನ್ನ ಗ್ರಂಥದಲ್ಲಿ ಆಮ್ಲಮಳೆಯನ್ನು ವಿವರಿಸಿದ. 1884ರಲ್ಲಿ ತೀರಿಕೊಳ್ಳುವವರೆಗೂ ಅದೇ ಹುದ್ದೆಯಲ್ಲಿದ್ದ. ಮನೆಯ ಒಲೆಗಳ ಕಲ್ಲಿದ್ದಲ ಹೊಗೆ ಮಾತ್ರ ಈ ಕಾಯ್ದೆಗಳ ಹೊರಗೇ ಉಳಿಯಿತು. ಅದಕ್ಕೆ ದೇಶವ್ಯಾಪಿ ಕಡಿವಾಣ ಬಿದ್ದದ್ದು 1952ರ ಲಂಡನ್ ಹೊಗೆಮಂಜು ಸಾವಿರಾರು ಜನರ ಪ್ರಾಣ ತೆಗೆದ ಮೇಲೆ, 1956ರ ಶುದ್ಧ ಗಾಳಿ ಕಾಯ್ದೆಯಲ್ಲಿ.