ಬೋರಿಂಗಿನೊಳಗಿನ ರಾಡು

ಚಳ್ಳಕೆರೆಗೆ ‘ಎಣ್ಣೆ ನಗರ’ ಅಂತ ಹೆಸರಿದೆ. ಕೊಲ್ಲಿ ದೇಶದ ಎಣ್ಣೆಯಲ್ಲ, ಶೇಂಗಾ ಎಣ್ಣೆ :-) ಆದ್ರೆ ಪೆಟ್ರೋಲಿಯಂ ಬಾವಿಯ ಮೇಲೆ ತಲೆಯಾಡಿಸುತ್ತಾ ನಿಂತಿರುತ್ತಲ್ಲ ಯಂತ್ರ, ಅದರ ತಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಳ್ಳಿಗಳಲ್ಲೂ ಇದ್ದ. ಅದೇ ನಮ್ಮ ಬೋರಿಂಗು, ಕೈಪಂಪು. ಮೇಲೆ ಸನ್ನೆಗೋಲು, ತಳದಲ್ಲಿ ಪಿಸ್ಟನ್, ನಡುವೆ ಪೈಪಿನೊಳಗೆ ಉದ್ದನೆಯ ರಾಡು. ಆ ರಾಡು ಪೈಪಿಗೆ ಉಜ್ಜುವುದೇ ಇಬ್ಬರಿಗೂ ತಲೆನೋವು.

1966-67ರ ಬರದ ಹೊತ್ತಿಗೆ ಯುನಿಸೆಫ್ ನೆರವಿನಿಂದ ಬಂಡೆ ಕೊರೆಯುವ ರಿಗ್‌ಗಳು ದೇಶಕ್ಕೆ ಬಂದವು. ಬೋರು ಕೊರೆದದ್ದೇನೋ ಆಯ್ತು, ಪಂಪು ಬಾಳಲಿಲ್ಲ. ಒಂದು ಮನೆಗೆ ಸಾಕಾಗುವ ಬೀಡುಕಬ್ಬಿಣದ ಪಂಪನ್ನು ಇಡೀ ಊರಿಗೆ ಕೂರಿಸಿದರೆ ಇನ್ನೇನಾಗುತ್ತೆ? ಸೊಲ್ಲಾಪುರದ ಪಂಪಿನಲ್ಲಿ ಇದಕ್ಕೊಂದು ಉಪಾಯ ಇತ್ತು. ಹಿಡಿಯ ತಲೆಗೆ ಕಮಾನು, ಕಮಾನಿನ ಮೇಲೆ ಸರಪಳಿ, ಸರಪಳಿಗೆ ರಾಡು. ಹಿಡಿ ಹೇಗೇ ತಿರುಗಲಿ, ರಾಡು ನೆಟ್ಟಗೆ ಮೇಲೆ ಕೆಳಗೆ ಆಡುತ್ತೆ, ವಾಲಿ ಪೈಪಿಗೆ ತಿಕ್ಕಲ್ಲ. ಅದನ್ನೇ ಸುಧಾರಿಸಿ 1970ರ ದಶಕದ ಕೊನೆಗೆ ತಂದದ್ದು ‘ಇಂಡಿಯಾ ಮಾರ್ಕ್ 2’. ಕೊಯಮತ್ತೂರಿನ ಸುತ್ತ ಪರೀಕ್ಷೆ ಮಾಡಿ, ಮದ್ರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್‌ನಲ್ಲಿ ತಯಾರಿಸಿದರು.

ನನಗೆ ತುಂಬಾ ಇಷ್ಟವಾದ ಅಂಶ ಒಂದಿದೆ. ಸರಪಳಿ ಎಳೆಯಬಲ್ಲದು, ತಳ್ಳಲಾರದು! ಹಾಗಾಗಿ ರಾಡು ತನ್ನ ಭಾರಕ್ಕೇ ಕೆಳಗಿಳಿಯಬೇಕು. ಪೈಪಿನೊಳಗೆ ಉಜ್ಜಾಟ ಜಾಸ್ತಿಯಾದರೆ ರಾಡು ಇಳಿಯೋದೇ ಇಲ್ಲ, ಸರಪಳಿ ಸಡಿಲವಾಗಿ ಹಿಡಿ ಹಗುರಾಗಿ ಜೋಲುತ್ತೆ. ಸಲೀಸಾಗಿ ಇಳಿದರೂ ಮೇಲೆಳೆಯೋದು ಸುಲಭವೇನಲ್ಲ. ಲೆಕ್ಕ ಹಾಕಿ ನೋಡಿ: 63.5 ಮಿ.ಮೀ. ಸಿಲಿಂಡರು, 45 ಮೀಟರ್ ಆಳ ಅಂದರೆ ಪಿಸ್ಟನ್ ಮೇಲೆ ಸುಮಾರು 142 ಕೆ.ಜಿ. ನೀರು. ಹಿಡಿಯ ಸನ್ನೆ ಎಂಟಕ್ಕೆ ಒಂದು. ಅಂದರೆ ಪ್ರತಿ ಸಲ ಸುಮಾರು 18 ಕೆ.ಜಿ. ಬಲ ಕೈಯಿಂದ ಬರಬೇಕು, ಉಜ್ಜಾಟದ್ದು ಬೇರೆ. ಅದನ್ನು ಒತ್ತುತ್ತಿದ್ದವರು ಹೆಚ್ಚಾಗಿ ಹೆಂಗಸರು, ಸ್ಕೂಲು ಮಕ್ಕಳು.

ಕಬ್ಬಿಣದ ಪೈಪಿಗೆ ತುಕ್ಕು. ಸರಿ, ಪ್ಲಾಸ್ಟಿಕ್ ಹಾಕೋಣ ಅಂದರೆ ಅದು ನೀರಿನ ಭಾರಕ್ಕೆ ಹಿಗ್ಗುತ್ತೆ, ಓಲಾಡುತ್ತೆ, ರಾಡಿನ ಜೋಡಣೆಗಳು ಒಂದೇ ಜಾಗದಲ್ಲಿ ಕೆರೆದು ಪೈಪೇ ತೂತು. ಅದಕ್ಕೇ ಪಿವಿಸಿ ಪೈಪಿನ ಪಂಪುಗಳಲ್ಲಿ ರಾಡನ್ನು ನಡುವೆ ಹಿಡಿದಿಡುವ ಬಿಲ್ಲೆಗಳನ್ನು ಹಾಕಿರ್ತಾರೆ. ಎಣ್ಣೆ ಬಾವಿಯವರು ಜಾಣರು. ಹೊರಗೆ ಉಕ್ಕಿನ ಪೈಪು, ಒಳಗೆ ಪಾಲಿಎಥಿಲೀನ್ ಪದರ. ಬಲ ಉಕ್ಕಿನದು, ನುಣುಪು ಪ್ಲಾಸ್ಟಿಕ್ಕಿನದು. ಹಳ್ಳಿಯ ಕೈಪಂಪಿಗೆ ಅಷ್ಟು ದುಡ್ಡು ಸುರಿಯೋರು ಯಾರು?

ಇಷ್ಟಾಗಿ ನಮ್ಮ ಸೀಮೆಯಲ್ಲಿ ಬೋರಿಂಗನ್ನು ಸೋಲಿಸಿದ್ದು ಉಜ್ಜಾಟ ಅಲ್ಲ, ನೀರು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಿವು. ನೀರಾವರಿಗೆ ಮೋಟರುಗಳು ಬಂದಂತೆ ಅಂತರ್ಜಲ 45 ಮೀಟರ್ ದಾಟಿ ಇಳಿಯಿತು. ಹಿಡಿಗೆ ತೂಕ ಸೇರಿಸಿ ಇನ್ನೂ ಆಳಕ್ಕೆ ಅಂತ ಬೇರೆ ಮಾದರಿಯೂ ಬಂತು, ಆದರೆ ತೋಳಿಗೂ ಒಂದು ಮಿತಿ ಇದೆಯಲ್ಲ. ಆ ಜಾಗಕ್ಕೆ ಬಂದ ಸಬ್‌ಮರ್ಸಿಬಲ್ ಪಂಪಿಗೆ ರಾಡೇ ಇಲ್ಲ. ಅದು ಆಳದಿಂದ ಎತ್ತಿಕೊಟ್ಟ ನೀರಿನ ಜೊತೆ ಫ್ಲೋರೈಡೂ ಬಂತು. ಆ ಕಥೆ ದೊಡ್ಡದು, ಇನ್ನೊಂದು ಪೋಸ್ಟಿನಲ್ಲಿ ಬರೀತೀನಿ.